ಹಬ್ಬದ ಕಾದಂಬರಿಯಲ್ಲಿ ಹಬ್ಬದ ಕಳೆ

ಕಳೆದ ಡಿಸೆಂಬರಿನಲ್ಲಿ ನಮ್ಮ ವಾಚನಾಲಯದ ಸದಸ್ಯರೊಬ್ಬರು ಚಾರ್ಲ್ಸ್ ಡಿಕೆನ್ಸನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಓದಲು ತೆಗೆದುಕೊಂಡು ಹೋಗಿ ನಾಲ್ಕನೆಯ ದಿನವೇ ಹಿಂದಿರುಗಿಸಿದರು. ಅವರು ಒಂದು ಖಾಸಗಿ ಕಛೇರಿಯಲ್ಲಿ ಗುಮಾಸ್ತರು. ಆ ವರ್ಷ ದೀಪಾವಳಿಗೆ ಊರಿಗೆ ಹೋಗಲು ಅವರಿಗೆ ರಜ ದೊರೆತಿರಲಿಲ್ಲ. ಊರಿನ ಹಬ್ಬವಂತೂ ತಪ್ಪಿತು, ಪುಸ್ತಕದಲ್ಲಾದರೂ ಒಂದು ಹಬ್ಬವನ್ನು ನೋಡೋಣವೆಂದು ಅದನ್ನು ಆರಿಸಿಕೊಂಡಿದ್ದರಂತೆ. “ಹೆಸರಿನಲ್ಲಿ ಹಬ್ಬವಿದೆ ರಾಯರೇ, ಒಳಗೆಲ್ಲ ದೆವ್ವ! ಮೊದಲ ಪುಟದಲ್ಲೇ ಸತ್ತವನ ಸುದ್ದಿ. ಆಮೇಲೆ ಮಂಜು, ಚಳಿ, ಸಂಕೋಲೆಯ ಸದ್ದು, ಕೊನೆಗೆ ಸ್ಮಶಾನ. ಹಬ್ಬದೂಟ ಬಡಿಸಿರುವುದು ಎಲ್ಲೋ ನಡುವೆ ನಾಲ್ಕಾರು ಪುಟಗಳಲ್ಲಿ” ಎಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು.

ಆ ಮಾತನ್ನು ನಾವು ನಗೆಯಲ್ಲಿ ತೇಲಿಸಿಬಿಡಬಹುದಾಗಿತ್ತು. ಆದರೆ ಹಬ್ಬದ ಹೆಸರನ್ನು ಹೊತ್ತ ಪುಸ್ತಕದಲ್ಲಿ ಹಬ್ಬ ಎಷ್ಟಿರಬೇಕು ಎಂಬ ಪ್ರಶ್ನೆ ಸಣ್ಣದಲ್ಲ. ಹಬ್ಬಕ್ಕೆ ಊರು ಸೇರಲಾರದೆ ಇರುವ ಊರಿನಲ್ಲೇ ದಿನ ಕಳೆಯುವ ನಮ್ಮಂಥವರಿಗಂತೂ ಅದು ಬರಿಯ ಸಾಹಿತ್ಯದ ಪ್ರಶ್ನೆಯೂ ಅಲ್ಲ. ಆದುದರಿಂದ ನಮ್ಮ ಭಾನುವಾರದ ಓದುವ ಬಳಗದಲ್ಲಿ ವಾರಕ್ಕೊಂದು ಅಧ್ಯಾಯದಂತೆ ಐದು ವಾರ ಈ ಪುಸ್ತಕವನ್ನು ಓದಿದೆವು. ಓದಿ ನಮಗೆ ತೋರಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪುಸ್ತಕವನ್ನು ಓದದವರಿಗಾಗಿ ಮೊದಲು ಎರಡು ಮಾತು. ಇದು ಲಂಡನ್ನಿನಲ್ಲಿ 1843ನೆಯ ಡಿಸೆಂಬರ್ 19ರಂದು ಹೊರಬಂದಿತು. ದೊಡ್ಡ ಕಾದಂಬರಿಯಲ್ಲ, ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದಾದ ಕಿರುಗಾದಂಬರಿ. ‘ಕ್ಯಾರೊಲ್’ ಎಂದರೆ ಹಬ್ಬದ ದಿನಗಳಲ್ಲಿ ಮನೆಮನೆಯ ಮುಂದೆ ನಿಂತು ಹಾಡುವ ಹಾಡು. ಆ ಹೆಸರಿಗೆ ಒಪ್ಪುವಂತೆ ಡಿಕೆನ್ಸನು ತನ್ನ ಐದು ಅಧ್ಯಾಯಗಳಿಗೆ ‘ಸ್ಟೇವ್’ ಎಂದು ಹೆಸರಿಟ್ಟಿದ್ದಾನೆ. ಹಾಡಿನ ಒಂದು ನುಡಿ ಎಂದು ಅದರ ಅರ್ಥ. ಕಥೆ ಇಷ್ಟೆ: ಸ್ಕ್ರೂಜ್ ಎಂಬ ಲೇವಾದೇವಿಯ ಮುದುಕ, ಮಹಾ ಜಿಪುಣ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅವನ ಸತ್ತ ಪಾಲುದಾರ ಮಾರ್ಲಿಯ ಭೂತ ಬಂದು ಎಚ್ಚರಿಸುತ್ತದೆ. ಅನಂತರ ಮೂರು ಚೇತನಗಳು ಒಂದಾದ ಮೇಲೊಂದು ಬಂದು ಹಿಂದಿನ ಹಬ್ಬಗಳನ್ನೂ, ಈ ವರ್ಷದ ಹಬ್ಬವನ್ನೂ, ಮುಂದೆ ಬರಲಿರುವುದನ್ನೂ ತೋರಿಸುತ್ತವೆ. ಬೆಳಗಾಗುವ ಹೊತ್ತಿಗೆ ಮುದುಕ ಬೇರೆಯ ಮನುಷ್ಯನಾಗಿರುತ್ತಾನೆ.

ಈಗ ನಮ್ಮ ಮಿತ್ರರ ದೂರಿಗೆ ಬರೋಣ. ಲೆಕ್ಕ ಹಾಕಿದರೆ ಅವರ ಮಾತು ಸುಳ್ಳಲ್ಲ. ಹಬ್ಬದ ದಿನ ನಿಜವಾಗಿ ಕಾಣಸಿಗುವುದು ಮೂರನೆಯ ಅಧ್ಯಾಯದಲ್ಲಿ ಮತ್ತು ಕೊನೆಯ ಅಧ್ಯಾಯದ ಒಂದಷ್ಟು ಪುಟಗಳಲ್ಲಿ. ಮೊದಲನೆಯದರಲ್ಲಿ ಹಬ್ಬದ ಹಿಂದಿನ ಸಂಜೆಯ ಕೊರೆವ ಚಳಿ. ನಾಲ್ಕನೆಯದರಲ್ಲಿ ಹಬ್ಬವೆಂಬುದೇ ಇಲ್ಲ. ಇನ್ನೊಂದು ವಿನೋದವನ್ನು ನೋಡಿ. ಪುಸ್ತಕದ ಹೆಸರೇ ಹಬ್ಬದ ಹಾಡು. ಆದರೆ ಸ್ಕ್ರೂಜನ ಬಾಗಿಲಿಗೆ ಹಾಡಲು ಬಂದ ಬಡ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಮುದುಕ ರೂಲುದೊಣ್ಣೆ ಎತ್ತಿಕೊಂಡು ಅವನನ್ನು ಓಡಿಸಿಬಿಡುತ್ತಾನೆ!

ಇಂದು ಕ್ರಿಸ್‌ಮಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಸಾಮಗ್ರಿಗಳೂ ಇಲ್ಲಿ ಸಿಕ್ಕುವುದಿಲ್ಲ. ದೀಪಗಳಿಂದ ಸಿಂಗರಿಸಿದ ಮರವಿಲ್ಲ. ಕೆಂಪು ನಿಲುವಂಗಿಯ ಸಾಂಟಾ ಕ್ಲಾಸ್ ಇಲ್ಲ. ಇದಕ್ಕೆ ಕಾರಣ ಉಂಟು. ಆ ಮರ ಜರ್ಮನಿಯ ಕಡೆಯ ಪದ್ಧತಿ. 1848ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯು ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚು ಹಾಕಿದ ಮೇಲೆಯೇ ಅದು ಇಂಗ್ಲೆಂಡಿನ ಮನೆಮನೆಗೆ ಹರಡಿದ್ದು. ಹಬ್ಬದ ಶುಭಾಶಯದ ಕಾರ್ಡನ್ನು ಹೆನ್ರಿ ಕೋಲ್ ಎಂಬಾತ ಲಂಡನ್ನಿನಲ್ಲಿ ಮೊದಲು ಅಚ್ಚು ಮಾಡಿಸಿದ್ದು ಇದೇ 1843ರಲ್ಲಿ. ಅಂದಮೇಲೆ ನಾವು ಈಗ ನೋಡುವ ಕ್ರಿಸ್‌ಮಸ್ ಇನ್ನೂ ರೂಪುಗೊಳ್ಳುತ್ತಿದ್ದ ಕಾಲ ಅದು. ಕ್ರಿಸ್ತನ ಜನನದ ಕಥೆಯನ್ನೂ ಡಿಕೆನ್ಸನು ಹೇಳಲು ಹೋಗುವುದಿಲ್ಲ. ಗಂಟೆಗಳು ಬಾರಿಸುತ್ತವೆ, ಜನ ಇಗರ್ಜಿಗೆ ಹೋಗಿ ಬರುತ್ತಾರೆ, ಅಷ್ಟೆ. ಹಾಗಾದರೆ ಹಬ್ಬ ಎಲ್ಲಿದೆ?

ಇಲ್ಲಿ ನಮ್ಮ ಭಾಷೆಯೇ ನಮಗೆ ಸಹಾಯಕ್ಕೆ ಬರುತ್ತದೆ. ಹಬ್ಬದ ಸಡಗರ ಎನ್ನುತ್ತೇವೆ. ಹಬ್ಬದ ಕಳೆ ಎಂದೂ ಎನ್ನುತ್ತೇವೆ. ಎರಡೂ ಒಂದೇ ಅಲ್ಲ. ಸಡಗರ ಅಂಗಡಿ ಬೀದಿಯಲ್ಲಿ ಬೇಕಾದಷ್ಟು ಸಿಕ್ಕೀತು. ಕಳೆ ಎಂಬುದು ಮನೆಗೆ, ಮುಖಕ್ಕೆ, ಕೆಲವು ಸಲ ಒಂದು ಹಣತೆಗೆ ಬರುವಂಥದು. ಸಾಮಾನು ಹೆಚ್ಚಿದ್ದಲ್ಲಿ ಅದು ಇರಲೇಬೇಕೆಂದಿಲ್ಲ. ಮೂರನೆಯ ಅಧ್ಯಾಯದ ಆರಂಭದಲ್ಲಿ ಡಿಕೆನ್ಸನು ಸಡಗರವನ್ನು ಧಾರಾಳವಾಗಿಯೇ ಸುರಿದಿದ್ದಾನೆ. ಹಣ್ಣಿನ ಅಂಗಡಿ, ದಿನಸಿ ಅಂಗಡಿ, ಕೋಳಿ ಮಾರುವವನ ಅಂಗಡಿ ಎಲ್ಲವೂ ಹಬ್ಬದ ಬೆಳಿಗ್ಗೆಯೇ ತೆರೆದಿವೆ. ಈರುಳ್ಳಿ, ದ್ರಾಕ್ಷಿ, ಕಿತ್ತಳೆ, ಚಹಾ ಕಾಫಿಗಳ ವಾಸನೆ. ಎರಡನೆಯ ಚೇತನ ಕೂತಿರುವುದೇ ತಿಂಡಿ ತೀರ್ಥಗಳ ರಾಶಿಯ ಮೇಲೆ. ನಮಗಂತೂ ಈ ಪುಟಗಳು ಸ್ವಲ್ಪ ಅತಿಯೆನಿಸಿದವು. ನಮ್ಮ ಬಳಗದ ಒಬ್ಬರು, “ಇದು ಪಟ್ಟಿ, ಊಟವಲ್ಲ” ಎಂದರು. ಸರಿಯೇ.

ಊಟ ಬರುವುದು ಇದರ ನಂತರ, ಬಾಬ್ ಕ್ರ್ಯಾಚಿಟ್ ಎಂಬ ಗುಮಾಸ್ತನ ಮನೆಯಲ್ಲಿ. ಓದುಗರು ಇಲ್ಲಿ ನಿಧಾನವಾಗಿ ಓದಬೇಕು.

ಬಾಬ್ ಸ್ಕ್ರೂಜನ ಕಛೇರಿಯ ಗುಮಾಸ್ತ. ವಾರಕ್ಕೆ 15 ಷಿಲ್ಲಿಂಗ್ ಸಂಬಳ. ಹೆಂಡತಿ, ಆರು ಮಕ್ಕಳು. ಕ್ಯಾಮ್ಡೆನ್ ಟೌನ್ ಎಂಬ ಬಡಾವಣೆಯಲ್ಲಿ ನಾಲ್ಕು ಕೋಣೆಯ ಮನೆ. (ಡಿಕೆನ್ಸನ ತಂದೆತಾಯಿಗಳು ಅವನ ಬಾಲ್ಯದಲ್ಲಿ ಇದೇ ಕ್ಯಾಮ್ಡೆನ್ ಟೌನಿನಲ್ಲಿ ಇದ್ದರು, ಬಡ ಮನೆಯ ಒಳಗನ್ನು ಅವನು ಊಹಿಸಿ ಬರೆದದ್ದಲ್ಲ.) ಹಬ್ಬದ ದಿನ ಹೆಂಡತಿ ಉಟ್ಟಿರುವ ಬಟ್ಟೆ ಎರಡು ಸಲ ಒಳಹೊರಗು ಮಾಡಿ ಹೊಲಿಸಿದ್ದು, ಅದರ ಮೇಲೆ ಅಗ್ಗದ ರಿಬ್ಬನ್ನುಗಳ ಸಿಂಗಾರ. ದೊಡ್ಡ ಮಗ ಅಪ್ಪನ ಷರ್ಟಿನ ಕಾಲರನ್ನು ಹಾಕಿಕೊಂಡು ತಾನೇ ದೊಡ್ಡ ಮನುಷ್ಯನಾದೆನೆಂದು ಬೀಗುತ್ತಿದ್ದಾನೆ. ಟೋಪಿ ಹೊಲಿಯುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹಿರಿಯ ಮಗಳು ಮಾರ್ಥಾ ತಡವಾಗಿ ಬರುತ್ತಾಳೆ. ಹಿಂದಿನ ರಾತ್ರಿಯ ಕೆಲಸ ಮುಗಿಸಿ, ಬೆಳಿಗ್ಗೆ ಅಂಗಡಿ ಒಪ್ಪ ಮಾಡಿ ಬರಬೇಕಾಯಿತು.

ಅವರ ಹಬ್ಬದ ಅಡಿಗೆ ಒಂದು ಹೆಬ್ಬಾತು. ಆ ಕಾಲದ ಬಡವರ ಮನೆಗಳಲ್ಲಿ ಅಂಥದನ್ನು ಬೇಯಿಸುವಷ್ಟು ದೊಡ್ಡ ಒಲೆ ಇರುತ್ತಿರಲಿಲ್ಲ. ಭಾನುವಾರ ಮತ್ತು ಹಬ್ಬದ ದಿನ ಬ್ರೆಡ್ಡು ಸುಡುವ ಬೇಕರಿಯವನ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುವುದು ರೂಢಿ. ಬೇಕರಿಯ ಮುಂದೆ ಹಾದುಬಂದ ಚಿಕ್ಕ ಮಕ್ಕಳಿಬ್ಬರು, ಅಲ್ಲಿ ಬಂದ ವಾಸನೆ ನಮ್ಮ ಹೆಬ್ಬಾತಿನದೇ ಎಂದು ಗುರುತು ಹಿಡಿದು ಕುಣಿಯುತ್ತಾರೆ. ಹೆಬ್ಬಾತು ಚಿಕ್ಕದು, ಸೇಬಿನ ಗೊಜ್ಜು, ಕಿವುಚಿದ ಆಲೂಗಡ್ಡೆ ಸೇರಿಸಿದರೆ ಎಲ್ಲರಿಗೂ ಸಾಲುತ್ತದೆ. ಕಡೆಯಲ್ಲಿ ಪುಡಿಂಗು. ಅದನ್ನು ಬಟ್ಟೆಯಲ್ಲಿ ಕಟ್ಟಿ ಬೇಯಿಸುವುದು ಬಟ್ಟೆ ಒಗೆಯುವ ಕೊಟ್ಟಿಗೆಯ ತಾಮ್ರದ ಹಂಡೆಯಲ್ಲಿ! ಮುಚ್ಚಳ ತೆಗೆದರೆ ಮೊದಲು ಬರುವುದು ಒಗೆತದ ದಿನದ ವಾಸನೆ. ಹಂಡೆಯನ್ನು ತೆರೆಯಲು ಹೋಗುವ ತಾಯಿಗೆ ಎಷ್ಟು ಭಯ! ಬೆಂದಿದೆಯೋ ಇಲ್ಲವೋ, ತಿರುವಿ ಹಾಕುವಾಗ ಒಡೆದರೆ, ಹಿತ್ತಿಲ ಗೋಡೆ ಹಾರಿ ಯಾರಾದರೂ ಕದ್ದುಕೊಂಡು ಹೋಗಿದ್ದರೆ? ನಮ್ಮಲ್ಲಿ ಹಬ್ಬದ ದಿನ ಹೋಳಿಗೆಯ ಹೂರಣ ಎಲ್ಲಿ ನೀರಾಯಿತೋ ಎಂದು ಒಲೆಯ ಮುಂದೆ ನಿಂತ ತಾಯಂದಿರನ್ನು ಕಂಡವರಿಗೆ ಈ ಭಯವನ್ನು ವಿವರಿಸಬೇಕಾಗಿಲ್ಲ.

ಪುಡಿಂಗು ಬರುತ್ತದೆ. ಇಷ್ಟು ದೊಡ್ಡ ಸಂಸಾರಕ್ಕೆ ಅದು ಚಿಕ್ಕದೆಂದು ಎಲ್ಲರಿಗೂ ಗೊತ್ತು. ಒಬ್ಬರೂ ಆಡುವುದಿಲ್ಲ, ಆಡಿದರೆ ನಾಚಿಕೆಗೇಡು. ಇದೇ ನಾವು ಹೇಳಿದ ಕಳೆ. ಕುಡಿಯಲು ಆ ಮನೆಯಲ್ಲಿರುವ ಗಾಜಿನ ಪಾತ್ರೆಗಳೆಲ್ಲ ಸೇರಿ ಮೂರು: ಎರಡು ಲೋಟ, ಒಂದು ಹಿಡಿ ಮುರಿದ ಬಟ್ಟಲು. ಮಾಂಸವನ್ನು ಮುಟ್ಟದ ನಮ್ಮ ಬಳಗದ ಹಿರಿಯರೊಬ್ಬರು ಈ ಪುಟಗಳನ್ನು ಕೇಳಿದ ಮೇಲೆ, “ಹೆಬ್ಬಾತು ನನಗೆ ಬೇಡ, ಆದರೆ ಆ ಮನೆಯಲ್ಲಿ ಒಂದು ಮೂಲೆಯಲ್ಲಿ ಕೂತಿರಲು ಸ್ಥಳ ಕೊಟ್ಟರೆ ಸಾಕಿತ್ತು” ಎಂದರು. ಪುಟಗಳ ಸಂಖ್ಯೆಯನ್ನು ಎಣಿಸಿದ ನಮ್ಮ ಗುಮಾಸ್ತ ಮಿತ್ರರೂ ಅಂದು ಸುಮ್ಮನಿದ್ದರು.

ಡಿಕೆನ್ಸನು ಈ ಮನೆಯೊಳಕ್ಕೆ ನಮ್ಮನ್ನು ಕರೆದುಕೊಂಡು ಹೋಗುವ ರೀತಿಯನ್ನೂ ಗಮನಿಸಬೇಕು. ಸ್ಕ್ರೂಜ್ ಅಲ್ಲಿದ್ದಾನೆ, ಆದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅವನು ನೋಡಬಹುದು, ಕೇಳಬಹುದು; ಎಲೆಯ ಮುಂದೆ ಕೂರಲಾರ. ಈ ಪುಸ್ತಕದ ಹಬ್ಬವೆಲ್ಲ ಹೀಗೆಯೇ, ಹೊರಗಿನಿಂದ ಕಂಡ ಹಬ್ಬ. ತನ್ನ ಸೋದರಳಿಯ ಫ್ರೆಡ್ಡನ ಮನೆಯಲ್ಲಿ ಕಣ್ಣುಕಟ್ಟಿ ಆಡುವ ಆಟ, ಪ್ರಶ್ನೆ ಕೇಳಿ ಹೆಸರು ಊಹಿಸುವ ಆಟ ನಡೆಯುವಾಗ ಮುದುಕ ಮೈಮರೆತು ತಾನೂ ಉತ್ತರ ಕೂಗುತ್ತಾನೆ. ಅವನ ದನಿ ಯಾರಿಗೂ ಕೇಳುವುದಿಲ್ಲ. ಇನ್ನೊಂದು ಅರ್ಧ ಗಂಟೆ ಇರಲು ಬಿಡೆಂದು ಚೇತನವನ್ನು ಮಕ್ಕಳಂತೆ ಬೇಡುತ್ತಾನೆ.

ಅವನು ಹೀಗೆ ಹೊರಗಿನವನಾದದ್ದು ಎಂದಿನಿಂದ? ಎರಡನೆಯ ಅಧ್ಯಾಯದಲ್ಲಿ ಅದಕ್ಕೆ ಉತ್ತರವಿದೆ. ಸ್ಕ್ರೂಜ್ ಹುಡುಗನಾಗಿದ್ದಾಗ ದೂರದ ಊರಿನ ಶಾಲೆಯಲ್ಲಿದ್ದ. ಹಬ್ಬದ ರಜಕ್ಕೆ ಜೊತೆಯ ಹುಡುಗರೆಲ್ಲ ಕುದುರೆ, ಗಾಡಿಗಳ ಮೇಲೆ ಕೇಕೆ ಹಾಕುತ್ತ ಊರಿಗೆ ಹೊರಟರು. ಇವನೊಬ್ಬ ತಣ್ಣಗಿನ ಖಾಲಿ ಕೋಣೆಯಲ್ಲಿ ಪುಸ್ತಕ ಹಿಡಿದು ಉಳಿದ. ಅವನಿಗೆ ಜೊತೆಯಾದವರು ಕಥೆಯಲ್ಲಿ ಬರುವ ಆಲಿಬಾಬಾ, ರಾಬಿನ್ಸನ್ ಕ್ರೂಸೊ. ಇನ್ನೊಂದು ವರ್ಷ ತಂಗಿ ಫ್ಯಾನ್ ಓಡಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದು, ಮನೆಗೆ ಕರೆದುಕೊಂಡು ಹೋಗಲು ಬಂದೆ ಎನ್ನುತ್ತಾಳೆ. ಈ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಹಬ್ಬದ ಸುದ್ದಿ ನಮಗೆ ಕಾಣಲಿಲ್ಲ. ಮೇಜಿಲ್ಲ, ಊಟವಿಲ್ಲ; ಊರಿಗೆ ಹೋಗುವುದಷ್ಟೆ. ಹಾಸ್ಟೆಲಿನಲ್ಲಿ ಹಬ್ಬ ಕಳೆದ ನಮ್ಮ ಸದಸ್ಯರು ಈ ಪುಟದಲ್ಲಿ ನಿಂತು ಮುಂದೆ ಹೋದರು.

ಮೂರನೆಯ ಅಧ್ಯಾಯದಲ್ಲಿ ಅನೇಕರು ಹಾರಿಸಿಬಿಡುವ ಒಂದು ಭಾಗವಿದೆ. ಶಾಲೆಗಳಿಗಾಗಿ ಮಾಡುವ ಸಂಕ್ಷಿಪ್ತ ಪುಸ್ತಕಗಳು ಮೊದಲು ಕತ್ತರಿಸುವುದು ಇಂಥದನ್ನೇ. ಊಟದ ಮನೆಗಳನ್ನು ಬಿಟ್ಟು ಚೇತನವು ಸ್ಕ್ರೂಜನನ್ನು ಲಂಡನ್ನಿನಿಂದ ಬಹು ದೂರ ಒಯ್ಯುತ್ತದೆ. ಬಂಜರು ನೆಲದ ನಡುವೆ ಗಣಿ ಕೆಲಸಗಾರರ ಗುಡಿಸಲು. ಅಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ಕೂತ ಮುದುಕ ಗಾಳಿಯ ಮೊರೆತವನ್ನು ಮೀರಿ ಹಳೆಯ ಹಾಡನ್ನು ಹಾಡುತ್ತಿದ್ದಾನೆ. ಅಲ್ಲಿಂದ ಸಮುದ್ರದ ಬಂಡೆಯ ಮೇಲಿನ ದೀಪಸ್ತಂಭ. ದೀಪ ಕಾಯುವವರು ಇಬ್ಬರೇ. ಒರಟು ಮೇಜಿನ ಮೇಲೆ ಕೈಗೆ ಕೈ ಕೊಟ್ಟು ಒಬ್ಬರಿಗೊಬ್ಬರು ಹಬ್ಬದ ಶುಭ ಕೋರುತ್ತಾರೆ. ಅಲ್ಲಿಂದ ನಡುಗಡಲಿನ ಹಡಗು. ಚುಕ್ಕಾಣಿ ಹಿಡಿದವನು, ಮುಂದೆ ನಿಂತು ಕತ್ತಲನ್ನು ನೋಡುವವನು, ಪಹರೆಯ ಅಧಿಕಾರಿಗಳು: ಅವರವರ ಜಾಗದಲ್ಲಿ ಅವರವರು. ಯಾರೂ ಕೆಲಸ ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಒಬ್ಬ ಮೆಲ್ಲಗೆ ಹಬ್ಬದ ಹಾಡನ್ನು ಗುನುಗುತ್ತಾನೆ. ಇನ್ನೊಬ್ಬ ಪಕ್ಕದವನಿಗೆ ಊರಿನಲ್ಲಿ ಕಳೆದ ಒಂದು ಹಳೆಯ ಹಬ್ಬದ ಕಥೆ ಹೇಳುತ್ತಾನೆ. ದೂರದಲ್ಲಿರುವ ತಮ್ಮವರು ಇವತ್ತು ತಮ್ಮನ್ನು ನೆನೆದಾರೆಂಬ ಭರವಸೆ ಎಲ್ಲರಿಗೂ ಇದೆ. ಅಂದು ಅವರ ಮಾತೂ ಸ್ವಲ್ಪ ಮೃದುವಾಗಿದೆ.

ಈ ಭಾಗ ಎರಡು ಪುಟವೂ ಇಲ್ಲ. ನಾವು ಇದನ್ನು ಎರಡು ಸಲ ಓದಿಸಿದೆವು. ರಾತ್ರಿ ಪಾಳಿಯ ಕಾರ್ಖಾನೆ ಕೆಲಸದವರು, ಹೋಟೆಲಿನಲ್ಲಿ ದುಡಿಯುವವರು, ಆಸ್ಪತ್ರೆಯಲ್ಲಿ ಪಾಳಿ ಮಾಡುವವರು ನಮ್ಮ ಬಳಗದಲ್ಲಿದ್ದಾರೆ. ಉಳಿದವರು ಹಬ್ಬ ಮಾಡಬೇಕಾದರೆ ಇವರು ಕೆಲಸದಲ್ಲಿರಲೇಬೇಕು. ಹಬ್ಬದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇವರನ್ನು ಮರೆಯುತ್ತಾರೆ. ಡಿಕೆನ್ಸನು ಕಥೆಯ ಓಟವನ್ನು ನಿಲ್ಲಿಸಿ, ಕಥೆಗೆ ಯಾವ ಸಂಬಂಧವೂ ಇಲ್ಲದ ಈ ಜನರ ಬಳಿಗೆ ಹೋಗಿಬಂದದ್ದು ನಮಗೆ ಬಹಳ ದೊಡ್ಡದಾಗಿ ಕಂಡಿತು. ಪುಸ್ತಕದಲ್ಲಿ ಹಬ್ಬ ಸಾಕಷ್ಟಿದೆಯೇ ಎಂದು ಕೇಳಿದರೆ, ಈ ಎರಡು ಪುಟಗಳಿಗಾಗಿಯೇ ಇದೆ ಎನ್ನುತ್ತೇವೆ.

ಹಾಗೆಂದು ಪುಸ್ತಕದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಈಗ ಲೆಕ್ಕದ ಮಾತಿಗೆ ಬರೋಣ. ಗುಮಾಸ್ತರಾದ ನಮಗೆ ಲೆಕ್ಕ ಬಿಟ್ಟರೆ ನಡೆಯದು.

ಬಾಬನ ಸಂಬಳ ವಾರಕ್ಕೆ 15 ಷಿಲ್ಲಿಂಗ್. ವಾರಕ್ಕೆ ಆರು ದಿನ ಕೆಲಸ. ದಿನಕ್ಕೆ ಎಷ್ಟಾಯಿತು? ಎರಡೂವರೆ ಷಿಲ್ಲಿಂಗ್. ಅಷ್ಟು ಬೆಲೆಯ ಒಂದೇ ನಾಣ್ಯ ಆಗ ಇತ್ತು, ಅದಕ್ಕೆ ಹಾಫ್ ಕ್ರೌನ್ ಎಂದು ಹೆಸರು. ಮೊದಲ ಅಧ್ಯಾಯದಲ್ಲಿ ಸ್ಕ್ರೂಜ್ ಗೊಣಗುವುದು ಸರಿಯಾಗಿ ಈ ಹಾಫ್ ಕ್ರೌನ್ ಬಗ್ಗೆಯೇ. ರಜದ ದಿನದ್ದೆಂದು ಅಷ್ಟನ್ನು ಹಿಡಿದುಕೊಂಡರೆ ಗುಮಾಸ್ತ ಅನ್ಯಾಯವೆನ್ನುತ್ತಾನೆ; ಕೆಲಸವಿಲ್ಲದ ದಿನಕ್ಕೆ ಧಣಿ ಸಂಬಳ ಕೊಟ್ಟರೆ ಅದು ಮಾತ್ರ ಯಾರಿಗೂ ಅನ್ಯಾಯವೆನಿಸುವುದಿಲ್ಲ ಎಂಬುದು ಅವನ ವಾದ. ಕಡೆಗೆ ರಜ ಕೊಡುತ್ತಾನೆ, ಮರುದಿನ ಮತ್ತಷ್ಟು ಬೇಗ ಬರಬೇಕೆಂಬ ಕರಾರಿನ ಮೇಲೆ. ಬಾಬ್ ಚಳಿ ಕಾಯಿಸಿಕೊಳ್ಳುವುದು ಮೇಣದ ಬತ್ತಿಯಲ್ಲಿ. ಏಕೆಂದರೆ ಇದ್ದಲಿನ ಪೆಟ್ಟಿಗೆ ಧಣಿಯ ಕೋಣೆಯಲ್ಲಿದೆ, ಅದನ್ನು ಕೇಳಲು ಹೋದರೆ ಕೆಲಸವೇ ಹೋದೀತು. ಇಷ್ಟಾದರೂ ಅಂದು ಸಂಜೆ ಕಛೇರಿ ಮುಚ್ಚಿದೊಡನೆ ಅವನು ಬೀದಿಯ ಮಂಜುಗಡ್ಡೆಯ ಮೇಲೆ ಹುಡುಗರ ಸಾಲಿನಲ್ಲಿ ನಿಂತು ಇಪ್ಪತ್ತು ಸಲ ಜಾರಿ ಆಡಿ, ಆಮೇಲೆ ಮನೆಗೆ ಓಡುತ್ತಾನೆ. ಒಂದು ದಿನದ ರಜ ದೊರೆತ ಗುಮಾಸ್ತನ ಚಿತ್ರ ಇದಕ್ಕಿಂತ ನಿಜವಾಗಿ ಬೇರೆಲ್ಲೂ ನಾವು ಓದಿಲ್ಲ.

ಅದೇ ನಾಣ್ಯ ಕೊನೆಯ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಬದಲಾದ ಸ್ಕ್ರೂಜ್ ಹಬ್ಬದ ಬೆಳಿಗ್ಗೆ ಕಿಟಕಿಯಿಂದ ಒಬ್ಬ ಹುಡುಗನನ್ನು ಕರೆದು, ಅಂಗಡಿಯಲ್ಲಿರುವ ದೊಡ್ಡ ಟರ್ಕಿ ಕೋಳಿಯನ್ನು ತರಿಸಲು ಅಂಗಡಿಯವನನ್ನು ಕರೆತಾ ಎನ್ನುತ್ತಾನೆ. ಕರೆತಂದರೆ ಒಂದು ಷಿಲ್ಲಿಂಗ್, ಐದು ನಿಮಿಷದೊಳಗೆ ಬಂದರೆ ಹಾಫ್ ಕ್ರೌನ್. ನಿನ್ನೆ ಗುಮಾಸ್ತನ ಇಡೀ ದಿನದ ಕೂಲಿಯೆಂದು ಎದೆ ಹಿಡಿದುಕೊಂಡ ನಾಣ್ಯವನ್ನು ಇಂದು ಐದು ನಿಮಿಷದ ಓಟಕ್ಕೆ ಎಸೆಯುತ್ತಿದ್ದಾನೆ. ಡಿಕೆನ್ಸನು ಇದನ್ನು ಎತ್ತಿ ತೋರಿಸುವುದಿಲ್ಲ, ಓದುವವರು ಕೂಡಿಸಿಕೊಳ್ಳಬೇಕು. ಮುದುಕನ ಮನಸ್ಸು ಎಷ್ಟು ಕರಗಿತೆಂಬುದಕ್ಕೆ ನೂರು ಮಾತಿಗಿಂತ ಈ ಒಂದು ನಾಣ್ಯ ಸಾಕು.

ನಮ್ಮ ತಕರಾರು ಇರುವುದೂ ಇಲ್ಲಿಯೇ. ರಜ ಧಣಿಯ ಜಿಪುಣತನದಲ್ಲಿ ಹೇಗೋ ಧಣಿಯ ಔದಾರ್ಯದಲ್ಲೂ ಹಾಗೆಯೇ, ಅವನು ಕೊಟ್ಟರೆ ಉಂಟು. ಸ್ಕ್ರೂಜನ ಹೃದಯ ಕರಗದಿದ್ದರೆ ಬಾಬನ ಗತಿಯೇನು? ಪಕ್ಕದ ಕಛೇರಿಯ ಗುಮಾಸ್ತನಿಗೆ ಯಾವ ಭೂತ ಬಂದು ಸಹಾಯ ಮಾಡಿತು? ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿನ ಮಾರನೆಯ ದಿನ, ಡಿಸೆಂಬರ್ 26, ಕಾನೂನಿನ ಪ್ರಕಾರ ಬ್ಯಾಂಕ್ ರಜವಾದದ್ದು 1871ರಲ್ಲಿ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ದಿನವೇ ಸಾರ್ವಜನಿಕ ರಜವಾದದ್ದು 1958ರಲ್ಲಿ. ಇವೆಲ್ಲ ಭೂತಗಳು ಮಾಡಿಸಿದ ಕೆಲಸಗಳಲ್ಲ. ಕಥೆಯಲ್ಲಿ 26ರ ಬೆಳಿಗ್ಗೆ ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬಂದು ನಡುಗುತ್ತ ನಿಲ್ಲುತ್ತಾನೆ. ಸ್ಕ್ರೂಜ್ ತಮಾಷೆಗೆ ಗದರಿಸಿ ಸಂಬಳ ಹೆಚ್ಚಿಸುತ್ತಾನೆ. ಓದುವಾಗ ನಗು ಬರುತ್ತದೆ. ಆದರೆ ಆ ನಡುಕ ಮಾತ್ರ ತಮಾಷೆಯದಲ್ಲ.

ಡಿಕೆನ್ಸನಿಗೆ ಇದು ತಿಳಿಯದ ವಿಷಯವೂ ಅಲ್ಲ. 1824ರಲ್ಲಿ ಅವನ ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ, ಹನ್ನೆರಡು ವರ್ಷದ ಹುಡುಗ ಬೂಟಿನ ಕಪ್ಪು ಮಸಿ ತಯಾರಿಸುವ ಕಾರ್ಖಾನೆಯಲ್ಲಿ ವಾರಕ್ಕೆ ಆರು ಷಿಲ್ಲಿಂಗಿಗೆ ಡಬ್ಬಿಗಳಿಗೆ ಚೀಟಿ ಅಂಟಿಸಿದ. ಹದಿನೈದನೆಯ ವಯಸ್ಸಿನಲ್ಲಿ ವಕೀಲರ ಕಛೇರಿಯಲ್ಲಿ ಗುಮಾಸ್ತನಾದ. 1843ರಲ್ಲಿ ಗಣಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಸರ್ಕಾರದ ಆಯೋಗವೊಂದು ಕೊಟ್ಟ ವರದಿಯನ್ನು ಓದಿ ಅವನ ಮನಸ್ಸು ಕಲಕಿತು. ಬಡ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಬೇಕೆಂದುಕೊಂಡವನು ಅದನ್ನು ಕೈಬಿಟ್ಟು, ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂದು ಭಾಷಣ ಮಾಡಿ ಹಿಂದಿರುಗಿದ ಮೇಲೆ ಈ ಕಥೆಯನ್ನು ಆರು ವಾರಗಳಲ್ಲಿ ಬರೆದು ಮುಗಿಸಿದ. ಆದುದರಿಂದಲೇ ಮೂರನೆಯ ಅಧ್ಯಾಯದ ಕೊನೆಯಲ್ಲಿ, ಹಬ್ಬದ ಚೇತನದ ನಿಲುವಂಗಿಯ ಮಡಿಕೆಯೊಳಗಿಂದ ಎಲುಬು ಕಾಣುವ ಇಬ್ಬರು ಮಕ್ಕಳು ಹೊರಬರುತ್ತಾರೆ: ಅಜ್ಞಾನ ಮತ್ತು ಅಭಾವ. ದಾನ ಕೇಳಲು ಬಂದವರಿಗೆ ಸ್ಕ್ರೂಜ್ ಹೇಳಿದ್ದ ಸೆರೆಮನೆಯ ಮಾತನ್ನೇ ಚೇತನವು ಈಗ ಅವನಿಗೆ ತಿರುಗಿಸಿ ಹೇಳುತ್ತದೆ. ನಮ್ಮ ಮಿತ್ರರಿಗೆ ಇದು ಹಬ್ಬದ ನಡುವೆ ಅಪಶಕುನದಂತೆ ಕಂಡಿತ್ತು. ಅದು ಅಲ್ಲಿಗೆ ಬಂದದ್ದು ಲೇಖಕನ ಕೈತಪ್ಪಿನಿಂದಲ್ಲ. ಆ ಅಂಗಿಯನ್ನು ಎತ್ತದೆ ಬಿಟ್ಟ ಹಬ್ಬದ ಕಥೆಗಳು ಬೇಕಾದಷ್ಟಿವೆ. ಸಿಹಿ ತಿಂದಂತೆ ಓದಿ ಮರೆಯುತ್ತೇವೆ.

ನಾಲ್ಕನೆಯ ಅಧ್ಯಾಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸತ್ತವನ ಮಂಚದ ಪರದೆಯನ್ನೂ ಬಿಚ್ಚಿ ಮಾರುವ ಪ್ರಸಂಗ ಓದಲು ಕಷ್ಟ. ಅಲ್ಲಿ ಹಬ್ಬವಿಲ್ಲವೆಂಬ ದೂರನ್ನು ಪೂರ್ತಿ ಒಪ್ಪುತ್ತೇವೆ; ನೆರೆಯವರಿಲ್ಲದ ಬದುಕಿನಲ್ಲಿ ಅದು ಇರುವುದಾದರೂ ಹೇಗೆ?

ಎರಡನೆಯ ಅಧ್ಯಾಯದ ಫೆಜ್ಜಿವಿಗ್ಗನನ್ನು ಮಾತ್ರ ಮರೆಯುವಂತಿಲ್ಲ. ಸ್ಕ್ರೂಜ್ ಯುವಕನಾಗಿ ಕೆಲಸ ಕಲಿತ ಮಳಿಗೆಯ ಯಜಮಾನ ಅವನು. ಹಬ್ಬದ ಹಿಂದಿನ ಸಂಜೆ ಲೇಖಣಿ ಕೆಳಗಿಡಿಸಿ, ಮಳಿಗೆಯ ಕದ ಹಾಕಿಸಿ, ಸಾಮಾನು ಸರಿಸಿ ನೆಲ ಗುಡಿಸಿಸಿ, ಪಿಟೀಲಿನವನನ್ನು ಕೂರಿಸಿ, ಕೆಲಸದವರು ಅಡಿಗೆಯವರು ಎನ್ನದೆ ಎಲ್ಲರನ್ನೂ ಕುಣಿಸಿ ಉಣಿಸುತ್ತಾನೆ. ಖರ್ಚು ಮೂರು ನಾಲ್ಕು ಪೌಂಡು ಇದ್ದೀತು, ಇದಕ್ಕೆ ಇಷ್ಟೊಂದು ಹೊಗಳಿಕೆಯೇ ಎಂದು ಚೇತನವು ಕೆಣಕಿದಾಗ ಸ್ಕ್ರೂಜ್ ಕೊಡುವ ಉತ್ತರದ ಭಾವ ಇದು: ಕೆಲಸ ಹಗುರವಾಗುವುದೂ ಭಾರವಾಗುವುದೂ ಯಜಮಾನನ ಒಂದು ನೋಟದಲ್ಲಿ, ಒಂದು ಮಾತಿನಲ್ಲಿದೆ, ಅದನ್ನು ಹಣದಲ್ಲಿ ಎಣಿಸಲಾಗದು. ಹೇಳಿದ ಮರುಕ್ಷಣವೇ ತನ್ನ ಗುಮಾಸ್ತ ನೆನಪಾಗಿ ಮುದುಕ ಪೆಚ್ಚಾಗುತ್ತಾನೆ. ಕಛೇರಿಯಲ್ಲಿ ನಾಲ್ಕು ಜನರ ಮೇಲೆ ಅಧಿಕಾರವಿರುವ ನಮ್ಮ ಸದಸ್ಯರೂ ಇದ್ದಾರೆ. ಅವರು ಈ ಭಾಗವನ್ನು ಒಬ್ಬರೇ ಇರುವಾಗ ಓದಲಿ.

ಕೊನೆಗೆ ಪುಸ್ತಕದ ಬೆಲೆಯ ಸಂಗತಿ. ಮೊದಲು ಅಚ್ಚಾದ 6000 ಪ್ರತಿಗಳು ಹಬ್ಬದೊಳಗೇ ಮಾರಿಹೋದವು. ಆದರೆ ಬಣ್ಣದ ಚಿತ್ರ, ಹೊಂಬಣ್ಣದ ರಟ್ಟು ಎಂದು ಖರ್ಚು ಏರಿ, 1000 ಪೌಂಡು ಲಾಭ ಎಣಿಸಿದ್ದ ಲೇಖಕನಿಗೆ ಅವುಗಳಿಂದ ದೊರೆತದ್ದು 230 ಪೌಂಡು. ಬೆಲೆ ಐದು ಷಿಲ್ಲಿಂಗ್. ಅಂದರೆ ಬಾಬ್ ಕ್ರ್ಯಾಚಿಟ್ ತನ್ನದೇ ಕಥೆಯನ್ನು ಕೊಳ್ಳಬೇಕಾದರೆ ಎರಡು ದಿನದ ಸಂಬಳ ಕೊಡಬೇಕು! ಇದಕ್ಕೆ ಪರಿಹಾರ ಬೇರೆ ದಾರಿಯಲ್ಲಿ ಬಂದಿತು. 1852ರಲ್ಲಿ ಮ್ಯಾಂಚೆಸ್ಟರಿನಲ್ಲಿ ಉಚಿತ ಸಾರ್ವಜನಿಕ ಪುಸ್ತಕಾಲಯ ತೆರೆದಾಗ ಡಿಕೆನ್ಸನು ಹೋಗಿ ಮಾತನಾಡಿದ. ಮರುವರ್ಷ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪುರಭವನದಲ್ಲಿ ಅವನೇ ನಿಂತು ಈ ಕಥೆಯನ್ನು ಓದಿ ಹೇಳಿದ. 27ರಂದು ಒಮ್ಮೆ, 30ರಂದು ಮತ್ತೊಮ್ಮೆ. ಎರಡನೆಯ ಸಲದ್ದು ಅವನೇ ಪಟ್ಟು ಹಿಡಿದು ದುಡಿಯುವ ಜನರಿಗಾಗಿ ಇಡಿಸಿದ್ದು; ಟಿಕೀಟು ಆರು ಪೆನ್ಸ್.

ಹಾಗೆ ಕಿವಿಯಿಂದ ಕೇಳುವುದಕ್ಕೆ ಈ ಕಥೆ ಬಹಳ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚು ಅಭ್ಯಾಸವಿಲ್ಲದವರು ಮೊದಲ ಅಧ್ಯಾಯದ ಉದ್ದ ವಾಕ್ಯಗಳಲ್ಲಿ ಸಿಕ್ಕಿಕೊಳ್ಳದೆ, ಮೂರನೆಯ ಅಧ್ಯಾಯದ ಕ್ರ್ಯಾಚಿಟ್ಟರ ಊಟದಿಂದ ಆರಂಭಿಸಿ ದೀಪಸ್ತಂಭದವರೆಗೆ ಓದಲಿ. ಅನಂತರ ಮೊದಲಿಗೆ ಹೋಗಲಿ. ‘ಕಾಪರ್’ ಎಂಬ ಮಾತು ಬಂದಲ್ಲಿ ತಾಮ್ರದ ಹಂಡೆಯೆಂದು ತಿಳಿಯಬೇಕು. ‘ಬಾಬ್’ ಎಂಬುದು ಗುಮಾಸ್ತನ ಹೆಸರೂ ಹೌದು, ಷಿಲ್ಲಿಂಗಿಗೆ ಬೀದಿಯ ಮಾತಿನಲ್ಲಿದ್ದ ಹೆಸರೂ ಹೌದು, ಡಿಕೆನ್ಸನು ಅದರ ಮೇಲೆ ಒಂದು ಸಣ್ಣ ಹಾಸ್ಯ ಮಾಡಿದ್ದಾನೆ. ನಮ್ಮಲ್ಲಿರುವುದು ಒಂದೇ ಪ್ರತಿ. ಸದ್ಯ ಅದು ಕಪಾಟಿನಲ್ಲಿಲ್ಲ. ನಾಲ್ಕು ದಿನದಲ್ಲಿ ತಂದುಕೊಟ್ಟಿದ್ದ ಮಿತ್ರರೇ ಮತ್ತೆ ತೆಗೆದುಕೊಂಡು ಹೋಗಿದ್ದಾರೆ. ಬೇಕಾದವರು ರಿಜಿಸ್ಟರಿನಲ್ಲಿ ಹೆಸರು ಬರೆಸಬಹುದು.